ಸಂತೆಯಲ್ಲಿ ನಿಂತ ಸೀಸದ ಸೈನ್ಯ

ಹೋದ ತಿಂಗಳು ಮೊಮ್ಮಗಳ ಮದುವೆಯ ಕರೆಯೋಲೆ ಅಚ್ಚು ಹಾಕಿಸಲು ಸೊಲ್ಲಾಪುರದ ಒಂದು ಸಣ್ಣ ಪ್ರೆಸ್ಸಿಗೆ ಹೋಗಿದ್ದೆ. ಹಿತ್ತಲಲ್ಲಿ ಒಬ್ಬಾತ ಸವೆದ ಅಚ್ಚಿನ ಮೊಳೆಗಳನ್ನು ಕಬ್ಬಿಣದ ಸೌಟಿನಲ್ಲಿ ಕರಗಿಸುತ್ತಿದ್ದ. ಕರಗಿದ ಸೀಸದೊಳಗೆ ಒಂದು ಚೂರು ಮೇಣ ಎಸೆದ. ಭುಸ್ಸೆಂದು ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ವರನ ಅಪ್ಪನ ಹೆಸರು ಏನೆಂಬುದೇ ನನಗೆ ಮರೆತುಹೋಯಿತು. ಪ್ರೆಸ್ಸಿನವನು ಎರಡು ಸಲ ಕೇಳಿದ, ಮುದುಕನಿಗೆ ಕಿವಿ ಮಂದ ಎಂದುಕೊಂಡು ಮೂರನೆಯ ಸಲ ಕಿರುಚಿದ. ನಾನು ಅಲ್ಲಿ ಇದ್ದರೆ ತಾನೆ? ನಾನು ಅಕ್ಕಲಕೋಟೆಯಲ್ಲಿದ್ದೆ, ಸಿಲೇಖಾನೆ ಕಾಕಾರ ಅಂಗಳದಲ್ಲಿ, ಐವತ್ತು ವರ್ಷಗಳ ಹಿಂದೆ…

ಕಾಕಾ ನನಗೆ ರಕ್ತಸಂಬಂಧಿಯಲ್ಲ. ನಮ್ಮ ಕಿರಾಣಿ ಅಂಗಡಿಯ ಹಿಂದಿನ ಗೋಡೆಯೂ ಅವರ ಮನೆಯ ಗೋಡೆಯೂ ಒಂದೇ, ಅಷ್ಟೇ ನಂಟು. ಊರಿನ ಒಬ್ಬ ಸರದಾರರ ವಾಡೆಯಲ್ಲಿ ಸಿಲೇಖಾನೆ ಇತ್ತು. ಹಳೆಯ ಕತ್ತಿ, ಭರ್ಚಿ, ಗುರಾಣಿ, ಬತ್ತಿ ಹಚ್ಚಿ ಹಾರಿಸುವ ತೋಡೆದಾರ ಬಂದೂಕುಗಳನ್ನು ಇಟ್ಟ ಕೋಣೆ. ಅದರ ಕೀಲಿ ಕಾಕಾರ ಸೊಂಟದಲ್ಲಿ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವುದು, ಎಣ್ಣೆ ಸವರಿ ಒರೆಸುವುದು, ಮತ್ತೆ ಗೋಡೆಗೆ ತೂಗುಹಾಕುವುದು. ಇಪ್ಪತ್ತೆಂಟು ವರ್ಷ ಇದೇ ಕೆಲಸ. ಆ ಕತ್ತಿಗಳಲ್ಲಿ ಒಂದೂ ಕಾಕಾರ ಕಾಲದಲ್ಲಿ ಒರೆಯಿಂದ ಕದನಕ್ಕೆಂದು ಹೊರಬಿದ್ದದ್ದಿಲ್ಲ, ಅವರ ಅಪ್ಪನ ಕಾಲದಲ್ಲೂ ಇಲ್ಲ. ಆದರೆ "ನನ್ನ ಕೈಯಾಗ ಒಂದು ಮೊಳಿ ಸೈತ ಕಳದಿಲ್ಲ" ಎಂದು ಹೇಳುವಾಗ ಅವರ ಮೀಸೆ ತಾನಾಗಿಯೇ ಮೇಲೆ ಹೋಗುತ್ತಿತ್ತು.

ನನಗೆ ಆಗ ಇಪ್ಪತ್ತಮೂರು. ಅಪ್ಪನ ಗಲ್ಲೆಯ ಮೇಲೆ ಕೂತು ದೊಡ್ಡ ವ್ಯಾಪಾರಿ ಎಂದುಕೊಂಡಿದ್ದೆ. ಕಾಕಾ ನನ್ನನ್ನು ಕರೆಯುತ್ತಿದ್ದದ್ದೂ "ಸಾವಕಾರ" ಎಂದೇ. ಅದರಲ್ಲಿ ಗೌರವ ಕಾಲು ಭಾಗ, ಚೇಷ್ಟೆ ಮುಕ್ಕಾಲು. ಒಂದು ದಿನ ಅವರು ಅಂಗಡಿಗೆ ಬಂದು, ಖಾಲಿಯಾದ ಚಹಾದ ಪೆಟ್ಟಿಗೆಯೊಂದರ ಒಳಗೆ ಕೈಯಾಡಿಸುತ್ತಾ ನಿಂತರು. ಚಹಾದ ಪೆಟ್ಟಿಗೆಗಳ ಒಳಮೈಗೆ ಆಗ ಸೀಸದ ತೆಳು ಹಾಳೆ ಹೊದಿಸಿರುತ್ತಿದ್ದರು, ಪುಡಿಗೆ ತೇವ ತಾಗದಿರಲೆಂದು. ನಮಗದು ಕಸ. ಒಯ್ಯಿರಿ ಅಂದೆ. ಒಯ್ದರು. ಆಮೇಲೆ ಪ್ರತಿ ಪೆಟ್ಟಿಗೆ ಖಾಲಿಯಾದಾಗಲೂ ಹಾಳೆ ಸುತ್ತಿ ಗೋಡೆಯ ಆಚೆ ಎಸೆಯುವುದು ನನ್ನ ರೂಢಿಯಾಯಿತು. ಆ ಹಾಳೆಗಳು ಏನಾಗುತ್ತಿವೆ ಎಂದು ಗೊತ್ತಾಗುವ ಹೊತ್ತಿಗೆ ಕಾಕಾರ ಬಳಿ ನೂರಾ ಇಪ್ಪತ್ತು ಜನ ಸಿಪಾಯಿಗಳು ತಯಾರಾಗಿದ್ದರು. ಬಳಪದ ಕಲ್ಲಿನಲ್ಲಿ ಎರಡು ಹೋಳಿನ ಅಚ್ಚನ್ನು ತಾವೇ ಕೆತ್ತಿದ್ದರು. ಸಿಲೇಖಾನೆಯಲ್ಲಿ ಗುಂಡು ಎರೆಯುವ ಅಚ್ಚೂ ಸೌಟೂ ಇದ್ದವು, ಅವನ್ನು ಮುಟ್ಟಲಿಲ್ಲ. ವಾಡೆಯದು ವಾಡೆಯಲ್ಲೇ ಇರಬೇಕು ಎನ್ನುವ ಮನುಷ್ಯ. ಒಬ್ಬೊಬ್ಬ ಸಿಪಾಯಿಯೂ ಕಿರುಬೆರಳಿನಷ್ಟು ಉದ್ದ, ಕೈಯಲ್ಲಿ ಭರ್ಚಿ, ತಲೆಗೆ ಮುಂಡಾಸು. ಅರವತ್ತು ಮುಂಡಾಸಿಗೆ ಸುಣ್ಣ, ಅರವತ್ತಕ್ಕೆ ಕಾವಿ.

"ಸಾವಕಾರ, ಒಂದ ಮಾತ ಕೇಳ್ತೀನಿ," ಅಂದರು. "ಆವತ್ತ ಬಿಜಾಪುರ ಗೆದ್ದ ದಿಲ್ಲಿ ಬಾದಶಹಾನ ಫೌಜು ಭೀಮಾ ದಾಟಲಾರದ ಹಿಂದ ಹೋಗಿದ್ರ ಏನಾಗ್ತಿತ್ತು?"

"ಬಿಜಾಪುರದ ಗಾದಿ ಉಳೀತಿತ್ತರಿ," ಅಂದೆ.

"ಉಳದ ಮ್ಯಾಲ? ಹೊರಗಿನವ ಬರಲಿಲ್ಲ ಅಂದ್ರ ಮನಿ ಒಳಗ ಅಣ್ಣತಮ್ಮಂದಿರು ಬಡದಾಡ್ತಾರ. ನೀ ಅಣ್ಣನ ಕಡಿ, ನಾ ತಮ್ಮನ ಕಡಿ. ಕೂಡು."

ಹೀಗೆ ನಡೆಯದೇ ಇದ್ದ ಇತಿಹಾಸದಲ್ಲಿ ನಮ್ಮ ಯುದ್ಧ ಸುರುವಾಯಿತು. ಹಳೆಯ ಕದವೊಂದನ್ನು ಎರಡು ಮರದ ಪೆಟ್ಟಿಗೆಗಳ ಮೇಲೆ ಮಲಗಿಸಿ ಮೇಲೆ ಎರೆಮಣ್ಣು ಹರಡಿದ್ದರು. ಒಂದು ತುದಿಗೆ ಸೊಲ್ಲಾಪುರದ ಕೋಟೆ, ಅದು ನನ್ನದು, ಅಂದರೆ ಅಣ್ಣನದು. ಇನ್ನೊಂದು ತುದಿಗೆ ಅಕ್ಕಲಕೋಟೆ, ಕಾಕಾರದು. ನಡುವೆ ಜೋಳದ ದಂಟಿನ ಬೆಂಡಿನಿಂದ ಮಾಡಿದ ಮನೆಗಳು: ಇದು ವಳಸಂಗ, ಇದು ವಾಗದರಿ, ಅದು ಕರಜಗಿ. ಬೋರಿ ನದಿಗೆ ಬಟ್ಟೆಯ ನೀಲಿ. ಕಾಲಾಳು ದಿನಕ್ಕೆ, ಎಂದರೆ ಆಟದ ಒಂದು ಸರದಿಗೆ, ಒಂದು ಗೇಣು ನಡೆಯಬೇಕು, ಕವಡೆ ಬಿದ್ದಂತೆ ಹೊಡೆದಾಡಬೇಕು. ಹತ್ತು ಜನಕ್ಕೆ ದಿನಕ್ಕೊಂದು ಜೋಳದ ಕಾಳು ಊಟ. ಕಾಳು ಮುಗಿದರೆ ಸೈನ್ಯ ಚೆದುರಿತು ಎಂದು ಲೆಕ್ಕ. ಎಲ್ಲಕ್ಕಿಂತ ವಿಚಿತ್ರವಾದ ನಿಯಮ ಒಂದಿತ್ತು. ಪ್ರತಿ ಸಿಪಾಯಿಯ ಪಾದದಡಿ ಅವನ ಊರಿನ ಹೆಸರು ಕೊರೆದಿತ್ತು, ಒಂದೇ ಊರಿನವರು ಎರಡೂ ಕಡೆ ಇದ್ದರು. ಒಬ್ಬ ಬಿದ್ದಾಗ ಬೀಳಿಸಿದವನು ಅವನ ಊರನ್ನು ಬಾಯಿಬಿಟ್ಟು ಹೇಳಬೇಕು. ಮೊದಮೊದಲು ನಗು ಬರುತ್ತಿತ್ತು. "ದುಧನಿಯವ ಬಿದ್ದ" ಎಂದು ಹತ್ತು ಸಲ ಹೇಳಿದ ಮೇಲೆ ನಗು ಬರುತ್ತಿರಲಿಲ್ಲ.

ಪ್ರತಿ ಅಮಾವಾಸ್ಯೆಯ ದಿನ ವಾಡೆಯಲ್ಲಿ ಆಯುಧ ಮುಟ್ಟುತ್ತಿರಲಿಲ್ಲ, ಅಂದು ಕಾಕಾರಿಗೆ ಬಿಡುವು. ನಮ್ಮ ಲಡಾಯಿ ಅಂದೇ. ಕಾಕಾರ ಹೆಂಡತಿ ಕಾಕು ಒಳಗಿನಿಂದ ಚಹಾ ತಂದು ಕುಕ್ಕಿ ಇಡುತ್ತಿದ್ದರು. "ಸವತಿ ತಂದಿದ್ರ ಒಬ್ಬಾಕಿ ಇರ್ತಿದ್ಲು. ಇವರು ನೂರಾ ಇಪ್ಪತ್ತ ಮಂದೀನ ತಂದು ಮನ್ಯಾಗ ಇಟ್ಟಾರ," ಎಂದು ನನ್ನ ಮುಂದೆ ದೂರು. ಕಾಕಾ ತಲೆ ಎತ್ತುತ್ತಿರಲಿಲ್ಲ. ಇಬ್ಬರು ಗಂಡಸರು ಬೊಂಬೆ ಹಿಡಿದು ಕೂತದ್ದು ಓಣಿಗೆ ಗೊತ್ತಾದರೆ ನಗೆಪಾಟಲು ಎಂದು ನಾವೂ ಕದ ಹಾಕಿಕೊಂಡೇ ಆಡುತ್ತಿದ್ದೆವು. ಅದೇ ಮುಂದೆ ಮುಳುವಾಯಿತು.

ಐದನೆಯ ವರ್ಷ ಸೊಲ್ಲಾಪುರದಲ್ಲಿ ಇಂಗ್ರೇಜಿ ಸರಕಾರದ ವಿರುದ್ಧ ದೊಡ್ಡ ಗಲಾಟೆಯಾಗಿ ಪಟ್ಟಣ ಗೋರಾ ಲಷ್ಕರದ ಕೈಗೆ ಹೋಗಿತ್ತು. ಅಕ್ಕಲಕೋಟೆ ಸಂಸ್ಥಾನದ ಊರು, ಆದರೂ ಹೆದರಿಕೆಗೆ ಸರಹದ್ದು ಎಲ್ಲಿದೆ? ಯಾರ ಮನೆಯಲ್ಲಿ ಏನಿದೆ ಎಂದು ಎಲ್ಲರೂ ಎಲ್ಲರನ್ನೂ ನೋಡುವ ಕಾಲ. ಕಾಕಾ ಮುರಿದ ಸಿಪಾಯಿಗಳನ್ನು ಮತ್ತೆ ಎರೆಯುತ್ತಿದ್ದದ್ದನ್ನು ಯಾರೋ ಗೋಡೆಯ ಮೇಲಿಂದ ಕಂಡು ವಾಡೆಗೆ ಸುದ್ದಿ ಮುಟ್ಟಿಸಿದರು. ಮರುದಿನ ನಡುಮಧ್ಯಾಹ್ನ ಸರದಾರರ ಕಾರಭಾರಿ ಇಬ್ಬರು ಆಳುಗಳೊಂದಿಗೆ ಬಂದರು. ಪೆಟ್ಟಿಗೆಯನ್ನು ಓಣಿಯಲ್ಲಿ ತಂದು ಸುರುವಿಸಿದರು.

"ವಾಡೇದ ಗುಂಡು ಕರಗಿಸಿ ಬೊಂಬಿ ಮಾಡೀರೇನು? ಇಷ್ಟ ವರ್ಷ ಉಂಡ ಮನ್ಯಾಗ ಚೋರಿ ಮಾಡಿದ್ರಿ?"

ಓಣಿಯ ತುಂಬ ಜನ. ಕಾಕಾರ ಮುಖದಲ್ಲಿ ರಕ್ತವಿರಲಿಲ್ಲ. "ಇದು ಸಿಲೇಖಾನಿದಲ್ಲರಿ," ಅಂದರು. ಮತ್ತೆ ಎಲ್ಲಿಯದು ಎಂದು ಕೇಳಿದರೆ ಬಗ್ಗಿ ಸಿಪಾಯಿಗಳನ್ನು ಹೆಕ್ಕತೊಡಗಿದರು. ಹತ್ತು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಸೀಸ ನನ್ನ ಅಂಗಡಿಯದು ಎಂದರೆ, ಆ ದಿನಗಳಲ್ಲಿ, ಗುಂಡಿಗೆ ಸೀಸ ಒದಗಿಸುವ ಅಂಗಡಿ ಎಂದಾಗುತ್ತಿತ್ತು. ಕಾಕಾ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ, ನೋಡಿದರೆ ನಾನು ಸಿಕ್ಕಿಬೀಳುತ್ತೇನೆಂದು. ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ. ಕಾರಭಾರಿ ಕೀಲಿ ಕಿತ್ತುಕೊಂಡು ಹೋದರು.

ಸಂಜೆ ಹೋಗಿ ಕಾಲು ಹಿಡಿದೆ. ನಾಳೆಯೇ ವಾಡೆಗೆ ಹೋಗಿ ಎಲ್ಲ ಹೇಳುತ್ತೇನೆ ಅಂದೆ. ಕಾಕಾ ಬೇಡ ಅಂದರು. ಮುಚ್ಚಿದ ಕೋಣೆಯಲ್ಲಿ ನೀನು ಹೇಳಿದರೆ ಕಾರಭಾರಿಯೊಬ್ಬರಿಗೆ ಗೊತ್ತಾಗುತ್ತದೆ, ನನ್ನನ್ನು ಕಳ್ಳ ಎಂದದ್ದು ಓಣಿಯ ಮುಂದೆ ಎಂದರು. ಅವರಿಗೆ ಕೆಲಸ ಹೋದದ್ದರ ಚಿಂತೆ ಇರಲಿಲ್ಲ, ಆ ಒಂದು ಮಾತು ಹೋಗಬೇಕಿತ್ತು. ಸಿಪಾಯಿಗಳ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡು ಕೇಳಿದರು, "ಕದ್ದ ಮಾಲು ಯಾರರೆ ಸಂತ್ಯಾಗ ಇಡ್ತಾರೇನೋ?"

ಸಂತೆಯ ದಿನ ಬೆಳಿಗ್ಗೆ ನಮ್ಮ ಅಂಗಡಿಯ ಮುಂದೆ ಆ ಕದ ಬಂದು ಮಲಗಿತು. ಎರೆಮಣ್ಣು, ಬೆಂಡಿನ ಊರುಗಳು, ನೀಲಿ ನದಿ. ಸಿಪಾಯಿಗಳ ಪೆಟ್ಟಿಗೆಯನ್ನು ಹೊತ್ತು ತಂದವರು ಕಾಕು, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಯಾರು ನೋಡಿದರೂ ತಿರುಗಿ ದಿಟ್ಟಿಸುತ್ತಾ. ಕದದ ಪಕ್ಕಕ್ಕೆ ನಾನೊಂದು ಚಹಾದ ಪೆಟ್ಟಿಗೆ ತಂದಿಟ್ಟೆ, ಅರ್ಧ ಹಾಳೆ ಕಿತ್ತದ್ದು, ಅರ್ಧ ಹಾಗೇ ಇದ್ದದ್ದು. ಅಪ್ಪ ಗಲ್ಲೆಯಿಂದ ನನ್ನನ್ನು ದುರುಗುಟ್ಟಿ ನೋಡಿದರು. ಆದರೂ ಇಟ್ಟೆ.

ಮೊದಲು ನಾಲ್ಕು ಜನ ನಿಂತರು, ನಗಲಿಕ್ಕೆ. ಕಾಕಾ ಗಟ್ಟಿಯಾಗಿ ಎಲ್ಲ ಹೇಳಿದರು, ಗಾದಿಯ ಕಥೆ, ಅಣ್ಣತಮ್ಮಂದಿರ ಜಗಳ, ಯಾರು ಯಾವ ಊರಿನವರು. ಕವಡೆ ಬಿತ್ತು. "ಮೈಂದರ್ಗಿಯವ ಬಿದ್ದ," ಅಂದೆ. ಗುಂಪಿನಲ್ಲಿ ಮೆಣಸಿನಕಾಯಿ ಚೀಲ ಹೊತ್ತ ಒಬ್ಬ "ಏ, ನಮ್ಮವನಲೇ!" ಎಂದು ಚೀಲ ಇಳಿಸಿದ. ಅಲ್ಲಿಂದ ಸಂತೆ ಕೆಟ್ಟಿತು. ಒಂದು ತಾಸಿನೊಳಗೆ ಊರೂರಿನವರು ತಮ್ಮ ತಮ್ಮ ಸಿಪಾಯಿಗಳನ್ನು ಹುಡುಕಿಕೊಂಡು ಪಕ್ಷ ಕಟ್ಟಿ ನಿಂತಿದ್ದರು. ಒಂದೇ ಊರಿನವರೂ ಎರಡು ಪಕ್ಷ.

ನಾನು ಗೆಲ್ಲುತ್ತಿದ್ದೆ. ಸೊಲ್ಲಾಪುರದಿಂದ ಇಳಿದು ವಳಸಂಗ ಹಿಡಿದಿದ್ದೆ, ಮುಂದೆ ಅಕ್ಕಲಕೋಟೆ ಎರಡು ಗೇಣು. ಕಾಳು ಮಾತ್ರ ಮುಗಿದಿತ್ತು. ವಳಸಂಗದ ಮಣ್ಣಿನಡಿ ಕಾಕಾ ಅಡಗಿಸಿದ್ದ ಹಗೇವು ನನ್ನ ಬೆರಳಿಗೆ ಸಿಕ್ಕಿತು, ಒಂದು ಕರಟದ ತುಂಬ ಜೋಳ. ನಮ್ಮ ಕಡೆ ಜೋಳವನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿಡುತ್ತಾರೆ. ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತದೆ. ಬಾಯಿ ತೆಗೆದು ಒಂದು ದಿನ ಬಿಡಬೇಕು, ದೀಪ ಇಳಿಸಿ ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಕಾಕಾರ ನಿಯಮದಲ್ಲೂ ಹಾಗೆಯೇ ಇತ್ತು. ಆದರೆ ನಾನು ಜೋಳವನ್ನು ಚೀಲದಲ್ಲಿ ಮಾತ್ರ ಕಂಡ ಅಂಗಡಿಯವನು, ಜೊತೆಗೆ ಸುತ್ತಲೂ ಅಷ್ಟು ಜನ. ಒಂದೇ ಉಸಿರಿಗೆ ಇಪ್ಪತ್ತು ಸಿಪಾಯಿಗಳನ್ನು ಬಾಚಿ ಕರಟದ ಮೇಲೆ ಹಿಡಿದೆ.

"ಬ್ಯಾಡೋ! ಗಾಳಿ ಹೋಗ್ಲಿ!" ಎಂದು ಗುಂಪು ಕೂಗಿತು. ಎಲ್ಲರಿಗಿಂತ ದೊಡ್ಡ ದನಿ ಹಿಂದಿನಿಂದ ಬಂತು. "ದೀಪಾ ಇಳಸೋ ಮೂರ್ಖಾ, ಮಂದಿ ಸಾಯ್ತಾರ!"

ನನ್ನ ಕೈ ಆಗಲೇ ಬಿಟ್ಟಿತ್ತು. ಎಲ್ಲರೂ ತಿರುಗಿ ನೋಡಿದರೆ, ಕಾರಭಾರಿ. ಆಟ ಮುಚ್ಚಿಸಲೆಂದೇ ಆಳುಗಳ ಕೈಗೆ ಬಡಿಗೆ ಕೊಟ್ಟು ಕರೆತಂದಿದ್ದರಂತೆ. ಯಾವಾಗ ಬಂದು ನಿಂತರೋ, ಎಷ್ಟು ಹೊತ್ತು ನೋಡಿದರೋ… ಅವರೂ ಒಕ್ಕಲುತನದ ಮನೆಯಿಂದ ಬಂದವರೇ. ಕೈ ಮುಂದೆ ಚಾಚಿತ್ತು, ರುಮಾಲು ವಾರೆಯಾಗಿತ್ತು.

ಕಾಕಾ ಅವರನ್ನೊಮ್ಮೆ ನೋಡಿದರು. ಕೈ ಬಿಟ್ಟ ಮೇಲೆ ಮುಗಿಯಿತು ಎನ್ನುವುದೂ ನಿಯಮವೇ. ಒಬ್ಬೊಬ್ಬನನ್ನೇ ಮಲಗಿಸುತ್ತಾ ಊರು ಹೇಳತೊಡಗಿದರು. ವಳಸಂಗದವ. ಕರಜಗಿಯವ. ವಾಗದರಿಯವ. ವಾಗದರಿಯ ಇನ್ನೊಬ್ಬ… ಹೀಗೆ ಇಪ್ಪತ್ತು ಜನ.

ಕಾರಭಾರಿ ಮುಂದೆ ಬಂದು ಚಹಾದ ಪೆಟ್ಟಿಗೆಯೊಳಗಿನ ಹಾಳೆಯನ್ನು ಹರಿದು ಬೆರಳಲ್ಲಿ ತಿಕ್ಕಿದರು. ಒಬ್ಬ ಸಿಪಾಯಿಯನ್ನು ಎತ್ತಿ ನೋಡಿದರು. ಆಗ ನನ್ನ ಬಾಯಿ ತೆರೆಯಿತು. "ನಮ್ಮ ಅಂಗಡೀದರಿ. ಐದ ವರ್ಷ ಆತು, ನಾನ ಕೊಡಾಕತ್ತೀನಿ," ಅಂದೆ, ಅಪ್ಪನಿಗೂ ಕೇಳುವಷ್ಟು ಗಟ್ಟಿಯಾಗಿ. ಕಾರಭಾರಿ ಸೊಂಟದಿಂದ ಕೀಲಿ ಬಿಚ್ಚಿ, ಅಷ್ಟೂ ಜನರ ಮುಂದೆ, ಕಾಕಾರ ಕಡೆ ಚಾಚಿದರು.

"ಇಲ್ಲರಿ," ಅಂದರು ಕಾಕಾ. "ಮೊದಲ ಸಿಲೇಖಾನಿ ಎಣಸ್ರಿ. ಎಣಸದ ಕೊಟ್ಟ ಕೀಲಿ ನಾ ಮುಟ್ಟಾಂಗಿಲ್ಲ."

ಮೂರು ದಿನ ಎಣಿಸಿದರು. ಒಂದು ಗುಂಡೂ ಕಡಿಮೆ ಬರಲಿಲ್ಲ. ನಾಲ್ಕನೆಯ ದಿನ ಕಾಕಾ ತೊಳೆದ ಧೋತರ ಉಟ್ಟು, ಓಣಿಯ ನಟ್ಟನಡುವೆ, ಕೀಲಿ ಝಣಝಣ ಎನಿಸುತ್ತಾ ಕೆಲಸಕ್ಕೆ ಹೋದರು. ನಾನು ಅಂಗಡಿಯ ಕಟ್ಟೆ ಇಳಿದು ನಿಂತು ನೋಡಿದೆ. ಅಂಥ ಮನುಷ್ಯನ ಎದುರಾಳಿಯಾಗಿದ್ದೆ ಎನ್ನುವ ಹೆಮ್ಮೆ ಈ ವಯಸ್ಸಿನಲ್ಲೂ ನನ್ನ ಎದೆಯನ್ನು ಬಿಟ್ಟು ಹೋಗಿಲ್ಲ. ಲಡಾಯಿಯಲ್ಲಿ ನಾನು ಸೋತೆ, ಅದನ್ನೂ ಹೇಳಿಬಿಡಬೇಕು. ವಳಸಂಗದವರು ಉಪ್ಪು ಕೊಳ್ಳಲು ಬಂದಾಗಲೆಲ್ಲ "ನಮ್ಮ ಮಂದೀನ ಕೊಂದ ಸಾವಕಾರ" ಎಂದು ವರ್ಷವಿಡೀ ಹಂಗಿಸಿದರು.

ಕಾಕಾ ಆಮೇಲೆ ಆರು ವರ್ಷ ಇದ್ದರು. ಜ್ವರ ಬಂದು ಮೂರೇ ದಿನದಲ್ಲಿ ಹೋದರು. ಕಾಕು ಎರಡೂ ಸೈನ್ಯವನ್ನು ನನಗೆ ಕೊಟ್ಟು ತವರಿಗೆ ಹೊರಟುಹೋದರು. ನನ್ನ ಮಕ್ಕಳು ಆಡಿದರು, ಮೊಮ್ಮಕ್ಕಳು ಆಡಿದರು, ಮನೆ ಬದಲಾಯಿಸಿದಾಗ ಒಂದಿಷ್ಟು, ಗುಜರಿಯವನ ತಕ್ಕಡಿಗೆ ಒಂದಿಷ್ಟು… ಈಗ ಒಬ್ಬನೂ ಉಳಿದಿಲ್ಲ. ತಪ್ಪು ನನ್ನದೇ.

ಮೊನ್ನೆ ಕರೆಯೋಲೆ ಕೊಡಲು ಅಕ್ಕಲಕೋಟೆಗೆ ಹೋದಾಗ ನನ್ನದೇ ವಯಸ್ಸಿನ ಮುದುಕರೊಬ್ಬರು ಸಿಕ್ಕರು. ಆ ಓಣಿಯವರೇ, ಕಾರಭಾರಿ ಪೆಟ್ಟಿಗೆ ಸುರುವಿಸಿದ ದಿನ ಮುಂದಿನ ಸಾಲಿನಲ್ಲಿ ನಿಂತು ಕೇಳಿದವರು. ಸಿಲೇಖಾನೆ ಕಾಕಾ ನೆನಪಿದ್ದಾರೇನು ಎಂದು ಕೇಳಿದೆ.

"ಅವರ್ನ ಮರಿಯೂದಾ! ಸಂತ್ಯಾಗ ಲಡಾಯಿ ಹೂಡಿದ್ರಲ್ಲ, ನಮ್ಮ ಮಾವನ ಊರಿನವರ ಆರು ಮಂದಿ ಸತ್ತರು," ಎಂದು ಬೊಚ್ಚುಬಾಯಿ ತುಂಬ ನಕ್ಕರು.

ನಾನು ಹೆದರುತ್ತಲೇ ಕೇಳಿದೆ. "ಆ ಕಳವಿನ ಮಾತು?"

ಅವರು ಹಣೆ ತಿಕ್ಕಿಕೊಂಡರು.

"ಯಾವ ಕಳವು?"

ತಿರುಗಿ ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತು ಅತ್ತುಬಿಟ್ಟೆ, ಹೆಮ್ಮೆಗೋ ದುಃಖಕ್ಕೋ ಗೊತ್ತಿಲ್ಲ. ಆ ಮಾತು ಊರಿನಿಂದ ಪೂರ್ತಿ ಹೋಗಿದೆ ಕಾಕಾ, ಒಬ್ಬರಿಗೂ ನೆನಪಿಲ್ಲ ಎಂದು ಓಡಿಹೋಗಿ ಹೇಳಬೇಕಿತ್ತು. ಹೇಳೋಣವೆಂದರೆ ಕಾಕಾ ಇಲ್ಲ.