ಚಿಟಿಕೆ ಹೊಡೆದು ಕರೆಯಬೇಡ

ಕಳೆದ ತಿಂಗಳು ಬೆಳಗಾವಿಯ ಸದಾಶಿವನಗರದ ಪರಿಚಿತರೊಬ್ಬರ ಮನೆಯಲ್ಲಿ ಸೀಮಂತದ ಊಟ ಮುಗಿಸಿ ಎದ್ದಾಗ, ಆ ಮನೆಯ ಸೊಸೆ ಕೈ ಒರೆಸಿಕೊಳ್ಳಲೆಂದು ಒಂದು ಪುಟ್ಟ ಪೊಟ್ಟಣ ಕೊಟ್ಟಳು. ಹರಿದರೆ ಒಳಗೆ ಮಡಿಸಿಟ್ಟ ಒದ್ದೆ ಕಾಗದ. ನಿಂಬೆಯ ವಾಸನೆ, ಅದರ ಬೆನ್ನಿಗೇ ಸ್ವಲ್ಪ ಔಷಧಿಯ ವಾಸನೆ... ಕೈ ಒರೆಸಿಕೊಳ್ಳುವುದನ್ನು ಮರೆತು ಹಾಗೆಯೇ ನಿಂತುಬಿಟ್ಟೆ.

ಹಿಂದೆ ಖಾಸಬಾಗದಲ್ಲಿದ್ದಾಗ ನಮ್ಮ ಬಾಜೂ ಮನೆಯವಳು ಗಿರಣಿ ಕಾಕು, ಓಣಿಗೆಲ್ಲ ಚಿಕ್ಕಮ್ಮ. ಗಂಡ ಬಹಳ ಬೇಗ ತೀರಿಕೊಂಡ. ಅವನು ಬಿಟ್ಟುಹೋದ ಹಿಟ್ಟಿನ ಗಿರಣಿಯನ್ನೂ ಸಾಲೆಗೆ ಹೋಗುವ ಮಗಳನ್ನೂ ಕಾಕು ಒಬ್ಬಳೇ ಸಂಭಾಳಿಸಿದಳು. ಬೆಳಗಿನಿಂದ ಸಂಜೆಯವರೆಗೆ ಜೋಳ, ಗೋಧಿ, ಖಾರ. ರೆಪ್ಪೆಯ ಕೂದಲೂ ಬೆಳ್ಳಗಾಗಿರುತ್ತಿತ್ತು. ಆ ಮಗಳು ದೊಡ್ಡವಳಾಗಿ ದಿಲ್ಲಿಯಲ್ಲಿ ಗಗನಸಖಿಯಾದಳು. ರಜೆಗೆ ಬಂದಾಗಲೆಲ್ಲ ಇಂಥ ಪೊಟ್ಟಣಗಳನ್ನು ತರುತ್ತಿದ್ದಳು. ಗಿರಣಿ ನಿಂತ ಮೇಲೆ ತಾಯಿಯನ್ನು ಕಟ್ಟೆಯ ಮೇಲೆ ಕೂಡಿಸಿ, ಒಂದು ಹರಿದು, ಮುಖದ ಮೇಲಿನ ಹಿಟ್ಟು ಒರೆಸುವಳು. ಕಾಕು ಕಣ್ಣು ಮುಚ್ಚಿ, ಮುಖ ಮುಂದೆ ಚಾಚಿ, ಸಣ್ಣ ಹುಡುಗಿಯ ಹಾಗೆ ಕೂತಿರುತ್ತಿದ್ದಳು.

ನಾನು ಆಗ ಕಾಲೇಜಿನಲ್ಲಿ ಹಿಂದಿ ಕಲಿಸುತ್ತಿದ್ದೆ. ಸಂಜೆ ಚಹಾ ಹಿಡಿದು ನಾನೂ ಆ ಕಟ್ಟೆಗೆ ಹೋಗುವುದಿತ್ತು. ಹುಡುಗಿ ವಿಮಾನದ ಕಥೆಗಳನ್ನು ಹೇಳುತ್ತಿದ್ದಳು. ಜನ ಹೇಗೆಲ್ಲ ಕರೆಯುತ್ತಾರೆ ಎಂಬುದೇ ಒಂದು ದೊಡ್ಡ ಕಥೆ. ಕೆಲವರು ಚಿಟಿಕೆ ಹೊಡೆಯುತ್ತಾರೆ. ಕೆಲವರು ಬೆಕ್ಕನ್ನು ಓಡಿಸುವ ಹಾಗೆ ‘ಶ್... ಶ್...’ ಎನ್ನುತ್ತಾರೆ. ತಳ್ಳುಗಾಡಿ ಹಿಡಿದು ಹೋಗುವಾಗ ಹಿಂದಿನಿಂದ ಬಟ್ಟೆ ಜಗ್ಗುವವರಿದ್ದಾರೆ, ಸೊಂಟಕ್ಕೆ ಕೈ ಹಚ್ಚಿ ಕರೆಯುವವರೂ ಇದ್ದಾರೆ. ತಲೆಯ ಮೇಲಿನ ಗುಂಡಿ ಒತ್ತಿದರೆ ತಪ್ಪೇನಿಲ್ಲ, ಅದು ಇರುವುದೇ ಅದಕ್ಕೆ. ಆದರೆ ಒಮ್ಮೆ ಒತ್ತಿ ಕಾಯಬೇಕು. ವಿಮಾನ ಏರುವಾಗ, ಇಳಿಯುವಾಗ ಮಾತ್ರ ಜೀವಕ್ಕೆ ಸಂಕಟವಾದ ಹೊರತು ಒತ್ತಬಾರದು.

“‘ನಿಮಗ ಪುರುಸೊತ್ತಾದಾಗ ಕೊಡ್ರಿ’ ಅಂತ ಯಾರರ ಅಂದ್ರ, ಅವರಿಗೇ ಮೊದಲ ನೀರು ಒಯ್ದು ಕೊಡಬೇಕು ಅನಸತೈತಿ ನೋಡ್ರಿ ಅಕ್ಕಾ” ಎಂದಿದ್ದಳು ನನಗೆ.

“ಮತ್ತ, ಸೊಂಟಕ್ಕ ಕೈ ಹಚ್ಚಿದವ್ರಿಗೆ ಏನ್ ಮಾಡತಿ?” ಎಂದು ಕಾಕು ಕೇಳಿದಳು.

“ನಗತೀನಿ ಅವ್ವಾ. ನಗೂದಕ್ಕನ ಪಗಾರ ಕೊಡತಾರ.”

ಹುಡುಗಿ ನಕ್ಕಳು, ನಾನೂ ನಕ್ಕೆ. ಕಾಕು ನಗಲಿಲ್ಲ. “ನನಗೂ ಮಂದಿ ಡಬ್ಬಿ ಬಡದ ಕರೀತಾರ. ಅದು ಗಿರಣಿ ಸಪ್ಪಳಕ್ಕ. ನಿಮ್ಮಲ್ಲೆ ಏನ್ ಸಪ್ಪಳ ಐತಿ?” ಎಂದಳು.

ಒಂದು ಚಳಿಗಾಲದಲ್ಲಿ ದಿಲ್ಲಿಯಿಂದ ಫೋನು ಬಂತು. ಮಂಜು ಮುಸುಕಿದ ಬೆಳಗಿನಲ್ಲಿ ಹುಡುಗಿ ಕೆಲಸಕ್ಕೆ ಹೊರಟಿದ್ದ ಗಾಡಿ, ರಸ್ತೆಯ ಮೇಲೆ ನಿಂತಿದ್ದ ಲಾರಿಗೆ ಹೊಡೆದಿತ್ತು. ಕಾಕುವಿಗೆ ಹಿಂದಿ ಬಾರದು, ವಿಮಾನ ಹತ್ತಿದವಳೂ ಅಲ್ಲ. ‘ಒಂದ ಸಲ ನಾನs ಕರಕೊಂಡು ಹೋಗತೇನಿ ಅವ್ವಾ’ ಎಂದು ಮಗಳು ಹೇಳುತ್ತಲೇ ಇದ್ದಳು. ಖಾನಾಪುರದಲ್ಲಿದ್ದ ತಮ್ಮನಿಗೆ ಮಣ್ಣು ಮಾಡುವ ತಯಾರಿ ನಡೆಸಲು ಹೇಳಿ, ಕಾಕು ನನ್ನ ಜೊತೆ ಹೊರಟಳು.

ದಿಲ್ಲಿಯ ಆಸ್ಪತ್ರೆಯ ಶವಾಗಾರದಲ್ಲಿ ಏನಾಯಿತು ಎಂಬುದನ್ನು ಬರೆಯಲಾರೆ.

ಮರುದಿನ ಬೆಳಗಾವಿಗೆ ಬರುವ ವಿಮಾನದಲ್ಲಿ ಹುಡುಗಿಯನ್ನಿಟ್ಟ ಪೆಟ್ಟಿಗೆಯನ್ನು ಕೆಳಗೆ ಸಾಮಾನಿನ ಜೊತೆ ಇಟ್ಟರು. ನಾವು ಮೇಲೆ ಕೂತೆವು. ಅದು ಹುಡುಗಿಯ ಕಂಪನಿಯ ವಿಮಾನವಲ್ಲ, ಬೇರೆಯದು. ಕೆಳಗೆ ಶವ ಇರುವುದು ಅಲ್ಲಿನ ಗಗನಸಖಿಯರಿಗೆ ಗೊತ್ತಿದ್ದಿರಬೇಕು. ಅದರ ತಾಯಿ ಯಾರು, ಆ ಹುಡುಗಿ ಏನು ಕೆಲಸ ಮಾಡುತ್ತಿದ್ದಳು ಎಂಬುದು ಗೊತ್ತಿರಲಿಲ್ಲ. ಕಾಕು ನಡುದಾರಿಯ ಬದಿಯ ಸೀಟಿನಲ್ಲಿ ಕೂತು, ಮುಂದೆ ಹೋಗಿಬರುವ ಹುಡುಗಿಯರ ಕಾಲುಗಳನ್ನೇ ನೋಡುತ್ತಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನೀರು ತರಿಸಲೆಂದು ನಾನು ಗುಂಡಿಯತ್ತ ಕೈ ಎತ್ತಿದರೆ ಮೆಲ್ಲಗೆ ನನ್ನ ಕೈ ಹಿಡಿದು ಕೆಳಗಿಳಿಸಿದಳು.

ದಾರಿಯ ಆಚೆ ಬದಿಗೆ, ಕಾಕುವಿನ ಸರಿಸಮಕ್ಕೆ, ನಮ್ಮ ಕಡೆಯವನೇ ಒಬ್ಬ ಕೂತಿದ್ದ. ನಡುವಯಸ್ಸು, ಒಳ್ಳೆಯ ಬಟ್ಟೆ. ಬೆಲ್ಟು ಬಿಚ್ಚುವ ಸೂಚನೆ ಬರುವ ಮೊದಲೇ ಗುಂಡಿ ಒತ್ತತೊಡಗಿದ. ನೀರು ಬಂತು, ತಣ್ಣಗಿಲ್ಲ ಎಂದ. ಬೇರೆ ಬಂತು, ಚಹಾ ಯಾವಾಗ ಎಂದ. ಗಗನಸಖಿ ಹುಡುಗಿ ಬೇರೆಯವರ ಹತ್ತಿರ ಬಗ್ಗಿ ಮಾತಾಡುತ್ತಿದ್ದಾಗ ‘ಏ, ಹಲೋ’ ಎಂದು ಚಿಟಿಕೆ ಹೊಡೆದ. ಅವಳು ‘ಒಂದು ನಿಮಿಷ ಸರ್’ ಎಂದು ನಕ್ಕಳು. ಅವನು ಕೈ ಚಾಚಿ ಅವಳ ತೋಳು ಹಿಡಿದು ಜಗ್ಗಿದ.

ಆಗ ಕಾಕು ಆ ಕೈಯನ್ನು ಹಿಡಿದಳು. ಚೀಲ ಎತ್ತಿ ಎತ್ತಿ ಗಟ್ಟಿಯಾದ ಕೈ ಅವಳದು.

“ಅಪ್ಪಾ, ಹಂಗ ಚಿಟಿಕಿ ಹೊಡದು ಕರೀಬ್ಯಾಡೋ. ಯಾರದೋ ಮನೀ ಹೆಣ್ಣುಮಗಳು.”

ಅವನು ಕೈ ಕೊಸರಿಕೊಂಡ. “ನಾವೇನ್ ಪುಕ್ಕಟ ಬಂದೇವೇನಬೇ? ಅದಕ್ಕs ಇಟ್ಟಾರ ಅವರನ್ನ.”

“ಹೌದಪ್ಪಾ, ಇಟ್ಟಾರ. ನನ್ನ ಮಗಳನ್ನೂ ಇದs ಕೆಲಸಕ್ಕ ಇಟ್ಟಿದ್ರು.” ಕಾಕು ಉಸಿರು ತೆಗೆದುಕೊಂಡಳು. “ಈಗ ಕೆಳಗ ಪೆಟ್ಟಿಗ್ಯಾಗ ಇಟ್ಟಾರ.”

ಅವನಿಗೆ ಒಮ್ಮೆಗೆ ತಿಳಿಯಲಿಲ್ಲ. ನನ್ನ ಮುಖ ನೋಡಿದ, ಕಾಕುವಿನ ಮುಖ ನೋಡಿದ. ತಿಳಿದ ಮೇಲೆ ಕಾಲುಗಳನ್ನು ನೆಲದಿಂದ ಸ್ವಲ್ಪ ಮೇಲೆತ್ತಿದ. ಅವನು ನಾಚಿಕೊಳ್ಳಬಹುದು, ಕೈ ಮುಗಿಯಬಹುದು ಎಂದುಕೊಂಡಿದ್ದೆ. ಅವನು ಮತ್ತೆ ಗುಂಡಿ ಒತ್ತಿದ. ಹುಡುಗಿ ಬಂದೊಡನೆ, ಎಲ್ಲರಿಗೂ ಕೇಳುವ ಹಾಗೆ ಹಿಂದಿಯಲ್ಲಿ, “ಹೆಣದ ಮೇಲೆ ನಾನು ಕೂರುವುದಿಲ್ಲ, ಬೇರೆ ಸೀಟು ಕೊಡಿ” ಎಂದ.

ಮಾತು ಸಾಲಿನಿಂದ ಸಾಲಿಗೆ ಹೋಯಿತು. ಯಾರೋ ದೇವರ ನಾಮ ಶುರುಮಾಡಿದರು. ಮುಂದಿನ ಸಾಲಿನ ತಾಯಿಯೊಬ್ಬಳು ಮಗುವನ್ನು ಸೆರಗಿನೊಳಗೆ ಎಳೆದುಕೊಂಡು ಹಿಂದೆ ತಿರುಗಿ ನಮ್ಮನ್ನು ನೋಡಿದಳು. ಹೇಳಬೇಕಿತ್ತು, ಮೊದಲೇ ಹೇಳಬೇಕಿತ್ತು ಎಂದು ಒಬ್ಬರು ಗೊಣಗಿದರು. ಮಗಳನ್ನು ಕಳೆದುಕೊಂಡವಳಿಗೆ ಒಂದು ಮಾತು ಹೇಳಲು ಯಾರೂ ಈ ಕಡೆ ಬರಲಿಲ್ಲ. ಅವನಿಗೆ ಹಿಂದೆಲ್ಲೋ ಸೀಟು ಸಿಕ್ಕಿತು.

ಬಂದವಳು ಆ ಗಗನಸಖಿ ಒಬ್ಬಳೇ. ನಡುದಾರಿಯಲ್ಲಿ ಕಾಕುವಿನ ಕಾಲ ಬಳಿ ಮಂಡಿಯೂರಿ ಕೂತಳು. ಏನು ಬೇಕು ಎಂದು ಕೇಳಿದಳು. ಕಾಕು ನನ್ನ ಕಡೆ ತಿರುಗಿ, “ಎಲ್ಲಾರಿಗೂ ನಮ್ಮಿಂದ ತ್ರಾಸಾತು, ತಪ್ಪಾತು ಅಂತ ಹೇಳವಾ” ಎಂದಳು. ಹೇಳಿದೆ. ಆಮೇಲೆ ಹುಡುಗಿಯನ್ನೇ ನೋಡುತ್ತ, ಅವಳಿಗೆ ಕನ್ನಡ ತಿಳಿಯುತ್ತದೆ ಎಂಬಂತೆ ಹೇಳಿದಳು:

“ಭಾಳ ಥಂಡಿ ಆದ್ರ ಹೊಚ್ಚಗೊಳ್ಳಾಕ ಕೊಡತೀವಿ ಅಂತಿದ್ಲು ನನ್ನ ಮಗಳು. ನಿಮಗ ಪುರುಸೊತ್ತಾದಾಗ... ಕೆಳಗ ಆಕಿಗೆ ಒಂದ್ ಹೊಚ್ಚಾಕ ಬರತೈತೇನವಾ?”

ಹಿಂದಿ ಕಲಿಸುವುದೇ ನನ್ನ ಕಸುಬು. ಆ ಒಂದು ಮಾತನ್ನು ಹಿಂದಿಗೆ ತರುವಾಗ ಎರಡು ಸಲ ನಿಲ್ಲಿಸಬೇಕಾಯಿತು. ವಿಮಾನ ಹಾರುವಾಗ ಕೆಳಗೆ ಹೋಗಲು ದಾರಿಯಿಲ್ಲ ಎಂದಳು ಹುಡುಗಿ. ಕಾಕುವಿನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಕೂತಳು. ಹಿಂದಿನಿಂದ ಟಿಂಗ್ ಎಂದಿತು. ಅವಳು ಏಳಲಿಲ್ಲ. ಮತ್ತೆ ಟಿಂಗ್ ಎಂದಿತು.

“ಹೋಗವಾ, ಕರ್ಯಾಕತ್ತಾರ” ಎಂದಳು ಕಾಕು. “ಮತ್ತ ನಿನಗ ಬೈತಾರ.”

ಇಳಿಯುವಾಗ ಎಲ್ಲರೂ ಹೋಗಲೆಂದು ನಾವು ಕಾದೆವು. ಬಾಗಿಲಲ್ಲಿ ಆ ಹುಡುಗಿ ಪ್ರತಿಯೊಬ್ಬರಿಗೂ ಧನ್ಯವಾದ, ಮತ್ತೆ ಬನ್ನಿ ಎಂದು ಹೇಳುತ್ತ ನಿಂತಿದ್ದಳು. ನಮ್ಮ ಸರದಿ ಬಂದಾಗ “ಉಂಡೀ ಏನವಾ?” ಎಂದು ಕಾಕು ಅವಳನ್ನು ಕೇಳಿದಳು. ಅವಳಿಗೆ ಅರ್ಥವಾಗಲಿಲ್ಲ. ನಾನೂ ಹಿಂದಿಯಲ್ಲಿ ಹೇಳಲಿಲ್ಲ.

ಸಾಂಬ್ರಾ ವಿಮಾನ ನಿಲ್ದಾಣದಿಂದ ಸೀದಾ ಖಾನಾಪುರಕ್ಕೆ ಹೋದೆವು. ಹೊತ್ತು ಮುಳುಗುವ ಮೊದಲು ಕಾಕುವಿನ ತವರಿನ ಹೊಲದಲ್ಲಿ ಮಗಳನ್ನು ಮಣ್ಣು ಮಾಡಿದರು.

ಆಮೇಲೆ ಕಾಕು ಗಿರಣಿಯನ್ನು ಕೊಟ್ಟುಬಿಟ್ಟು ಖಾನಾಪುರಕ್ಕೇ ಹೋಗಿ ತಮ್ಮನ ಮನೆಯಲ್ಲಿ ಉಳಿದಳು. ಮೊದಮೊದಲು ಹೋಗಿ ಬರುತ್ತಿದ್ದೆ. ನಾನು ಊರಿನ ಇನ್ನೊಂದು ತುದಿಯ ರಾಮತೀರ್ಥ ನಗರಕ್ಕೆ ಮನೆ ಬದಲಿಸಿದ ಮೇಲೆ ಅಪರೂಪವಾಯಿತು. ಹೋದಾಗಲೆಲ್ಲ ಕಾಕು ಮಗಳ ಮಾತನ್ನೇ ಆಡುತ್ತಿದ್ದಳು. ಸಾಲೆಗೆ ಹೋಗುವಾಗ ಅಳುತ್ತಿದ್ದುದು, ಖಾರ ಕುಟ್ಟುವ ದಿನ ಸೀನುತ್ತಿದ್ದುದು... ಸಾವಿನ ಮಾತು ಒಮ್ಮೆಯೂ ಬರಲಿಲ್ಲ.

ಹೋದ ವರ್ಷ ಗದ್ದೆ ನಾಟಿಯ ಹೊತ್ತಿನಲ್ಲಿ ಕಾಕು ತೀರಿಕೊಂಡಳು. ನನಗೆ ಸುದ್ದಿ ತಡವಾಗಿ ಮುಟ್ಟಿತು. ಹೋದಾಗ ತಮ್ಮನ ಹೆಂಡತಿ ಅತ್ತಳು. “ನಾವೆಲ್ಲಾ ಗದ್ದ್ಯಾಗ ಇದ್ವಿರಿ. ಬಾಜೂ ಮನಿಯವ್ರು ಅಲ್ಲೇ ಅಂಗಳದಾಗ ಕಾಳು ಆರಿಸ್ಕೋತ ಕುಂತಿದ್ರು. ಒಂದ್ ಸಲ ಒದರಿದ್ರ ಓಡಿ ಬರತಿದ್ರು. ಒದರಲಿಲ್ಲರಿ. ಹಾಸಿಗಿ ಹಿಡದ ಮ್ಯಾಲ ಎಂದೂ ಯಾರನ್ನೂ ಕರೀಲಿಲ್ಲ. ‘ಮಂದಿ ಕೆಲಸದಾಗಿರತಾರ’ ಅಂತಿದ್ರು.” ಮಧ್ಯಾಹ್ನ ಬಂದು ನೋಡಿದಾಗ ಮೈ ತಣ್ಣಗಾಗಿತ್ತಂತೆ.

ಈಗ ತಾಯಿ ಮಗಳು ಒಂದೇ ಬದುವಿನ ಪಕ್ಕ ಇದ್ದಾರೆ. ಮಗಳ ಮಣ್ಣು ಸಮನಾಗಿ ಹುಲ್ಲು ಬೆಳೆದಿದೆ, ತಾಯಿಯದು ಇನ್ನೂ ಉಬ್ಬಿದೆ. ಕಾಕು ಇರುವವರೆಗೆ ಆ ಹುಡುಗಿಯ ವಿಷಯ ಮಾತಾಡಲು ನಾವಿಬ್ಬರಿದ್ದೆವು. ಖಾನಾಪುರದವರು ಅವಳನ್ನು ರಜೆಯಲ್ಲಿ ಅಷ್ಟಿಷ್ಟು ಕಂಡವರು, ಖಾಸಬಾಗದ ಓಣಿಗೆ ಹೊಸ ಜನ ಬಂದಿದ್ದಾರೆ. ಅವಳು ಹೇಗೆ ನಗುತ್ತಿದ್ದಳು ಎಂದು ನನಗೆ ಒಮ್ಮೊಮ್ಮೆ ಸರಿಯಾಗಿ ನೆನಪಾಗುವುದಿಲ್ಲ. ಕೇಳೋಣವೆಂದರೆ ಹೇಳುವವರು ಯಾರೂ ಇಲ್ಲ.