ಎಡೆಯ ಮುಂದೆ ಕ್ಯಾಮೆರಾ

ಗೆಳೆಯರೇ, ಇಂದು ಪಾಲಹಳ್ಳಿಯ ನಮ್ಮ ಮನೆಯಲ್ಲಿ ಹಿರಿಯರ ಹಬ್ಬ. ತೀರಿಕೊಂಡ ಅಪ್ಪನ ನೆನಪುಗಳನ್ನು ತುಂಬಿಕೊಂಡು, ಅಪ್ಪನದೇ ದನಿಯಲ್ಲಿ ಮಾತಾಡುವ ಪೆಟ್ಟಿಗೆಯೊಂದು ನಮ್ಮಲ್ಲಿದೆ. ಅದನ್ನು ಕೊಟ್ಟ ಕಂಪನಿಯವನು ಜಾಹೀರಾತಿಗೆಂದು ಬಂದು ಎಡೆಯ ಮುಂದೆ ಕ್ಯಾಮೆರಾ ನಿಲ್ಲಿಸಿದ.

ಎಡೆ ಇಟ್ಟ ಮೇಲೆ ನಾವು ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವೆ. ಹಿರಿಯರು ಉಣ್ಣುವುದನ್ನು ಯಾರೂ ನೋಡಬಾರದು.

“ಕ್ಯಾಮೆರಾ ಎತ್ಕೊಳಪ್ಪ,” ಎಂದಳು ಅವ್ವ.

“ಶೂಟಿಂಗ್ ಬೇಡ ಅಂದ್ರೆ ಪೆಟ್ಟಿಗೆ ವಾಪಸ್ ತಗೊಂಡ್ಹೋಗ್ತೀನಿ. ಬೇಕಾದ್ರೆ ಯಜಮಾನ್ರನ್ನೇ ಕೇಳಿ, ಒಪ್ತಾರೆ.”

ಅವ್ವ ಪೆಟ್ಟಿಗೆಯತ್ತ ತಿರುಗಿದಳು. “ನೀವ್ ಉಣ್ಣೋದ ಇವ್ನು ಸಿನಿಮಾ ತೆಗೀತಾನಂತೆ, ಏನಂದೀರಿ?”

ಅಪ್ಪನ ದನಿ ಗುಡುಗಿತು: “ಉಣ್ಣೋರ ಬಾಯಿ ನೋಡ್ತೀಯೇನ್ಲಾ? ಎದ್ದೋಗ್ಲಾ ಆಚೆಗೆ!”

ಅವನು ಕ್ಯಾಮೆರಾ ಹೊತ್ತು ಹೊರನಡೆದ. ಪೆಟ್ಟಿಗೆಯನ್ನು ವಾಪಸ್ ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಅವ್ವ ಗತ್ತಿನಿಂದ ಬಾಗಿಲು ಮುಚ್ಚಿದಳು.

ಬದುಕಿದ್ದಾಗ ಅಪ್ಪ ಒಮ್ಮೆಯೂ ಅವ್ವನ ಪಕ್ಷ ವಹಿಸಿದ್ದಿಲ್ಲ. ಪೆಟ್ಟಿಗೆ ಸೇರಿದ ಮೇಲೆ ಬುದ್ಧಿ ಬಂದಿದೆ.