ಬೂಟು ಬಿಚ್ಚದವರ ಜೊತೆ ಶಿವಾಜಿನಗರಕ್ಕೆ

ಆಗಸ್ಟ್ ಹದಿನೈದರ ಬೆಳಿಗ್ಗೆ ಬೇಗನೆ ಎದ್ದು ಕೃಷ್ಣರಾಜಪುರದಲ್ಲಿ ಶಿವಾಜಿನಗರದ ಬಸ್ಸು ಹತ್ತಿದೆವು. ಹದಿಮೂರು ಕಿಲೋಮೀಟರಿನ ದಾರಿ. ಹಿಂದಿನ ದಿನದ ಮಳೆ ನಿಂತು ಮೋಡ ಮಾತ್ರ ಉಳಿದಿತ್ತು. ಇಷ್ಟು ಸಣ್ಣ ಪ್ರಯಾಣವನ್ನೂ ಬರೆಯುತ್ತಾಳಾ ಎಂದು ಊರಿನಲ್ಲಿ ನನ್ನ ತಂಗಿ ನಗಬಹುದು, ನಗಲಿ. ಗಂಟುಮೂಟೆ ಕಟ್ಟಿಕೊಂಡು ಲಿಂಗಸುಗೂರಿನಿಂದ ಬೆಂಗಳೂರಿಗೆ ಬಂದ ದಿನವೂ ನನ್ನ ಎದೆ ಅಷ್ಟು ಹೊಡೆದುಕೊಂಡಿರಲಿಲ್ಲ.

ನಮ್ಮ ಮನೆಯವರು ಶರಣಪ್ಪ ಸೈನ್ಯದಲ್ಲಿ ಹವಾಲ್ದಾರರಾಗಿದ್ದರು. ನೆಲದಲ್ಲಿ ಹೂತಿಟ್ಟ ಸ್ಫೋಟಕಗಳನ್ನು ಹುಡುಕಿ ತೆಗೆದು, ಹಿಂದೆ ಬರುವವರಿಗೆ ದಾರಿ ಮಾಡಿಕೊಡುವುದು ಅವರ ಕೆಲಸ. ಕಾರ್ಗಿಲ್ ಯುದ್ಧದ ಸಮಯದಲ್ಲಿ ಅಂಥದ್ದೊಂದು ಸಿಡಿದು ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಈಗಿರುವುದು ಕೃತಕ ಕಾಲು. ಅದನ್ನು ಬೂಟಿನ ಹಿಮ್ಮಡಿಯ ಎತ್ತರಕ್ಕೆ ಸರಿಹೊಂದುವಂತೆ ಮಾಡಿದ್ದಾರೆ. ಬೂಟು ಹಾಕಿದರೆ ಇವರ ನಡಿಗೆಯಲ್ಲಿ ಒಂದು ಕುಂದು ಹುಡುಕಿ ನೋಡೋಣ! ಬೂಟು ತೆಗೆದರೆ ಮಾತ್ರ ಮೈ ಹಿಂದಕ್ಕೆ ವಾಲುತ್ತದೆ, ನಿಂತಲ್ಲಿ ನಿಲ್ಲಲಾಗುವುದಿಲ್ಲ.

ಈ ವಿಷಯ ಬೆಂಗಳೂರಿನಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಊರಿನಲ್ಲಿ ಸನ್ಮಾನ ಎಂದು ವೇದಿಕೆಗೆ ಕರೆದವರೆಲ್ಲ ಇವರ ಮುಖ ಬಿಟ್ಟು ಕಾಲನ್ನೇ ನೋಡಿದ್ದರು. "ಇನ್ನ ಮ್ಯಾಲ ಕಾಲು ತೋರಿಸಿ ಯಾರ ಹತ್ರಾನೂ ಮರ್ಯಾದಿ ಇಸ್ಕೊಳ್ಳಂಗಿಲ್ಲ" ಎಂದು ಅಂದೇ ಹೇಳಿಬಿಟ್ಟರು. ಅದಕ್ಕೇ ಮನೆಯೊಳಗೂ ಬೂಟು. ಕೆಳಗಡೆ ಇರುವ ಮನೆಯ ಮಾಲೀಕ ಮುನಿಶಾಮಪ್ಪನವರು ಅದನ್ನು ನೋಡಿ, "ಮಿಲಿಟ್ರಿಯವ್ರು ಅಂದ್ರೆ ಹಂಗೇ ಕಣಮ್ಮ, ಶಿಸ್ತು!" ಎಂದು ಬೀದಿಯವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದರು.

ಆ ಶಿಸ್ತಿನ ಮೇಲೆಯೇ ನಮ್ಮ ಬೀದಿಯ ಹೆಂಗಸರು ಇವರನ್ನು ನಂಬಿದ್ದರು. ಬೀದಿಯ ಬಾಯಲ್ಲೇ ಒಂದು ಸಾರಾಯಿ ಅಂಗಡಿ. ಅದನ್ನು ಎತ್ತಿಸಬೇಕೆಂದು ಇವರು ಒಂದು ವರ್ಷದಿಂದ ಓಡಾಡಿ, ಮಹಿಳಾ ಸಂಘದವರನ್ನು ಅಂಗಡಿ ಮುಂದೆ ಧರಣಿ ಕೂರಲು ಒಪ್ಪಿಸಿದ್ದರು. ಅಷ್ಟರಲ್ಲಿ ಆಷಾಢದ ಮಾರಮ್ಮನ ಪೂಜೆ ಬಂತು. ಮಂಗಳಾರತಿಗೆ ಎಲ್ಲರೂ ಕೈಹಿಡಿದು ಎಳೆದರು. ಇವರು ಬೂಟು ಬಿಚ್ಚಿ ಕಾಲುಚೀಲದಲ್ಲೇ ಎರಡು ಹೆಜ್ಜೆ ಇಟ್ಟವರೇ ಧೊಪ್ಪನೆ ಮುನಿಶಾಮಪ್ಪನವರ ಮೇಲೆ ಬಿದ್ದರು.

"ಪಾಪ, ಸಾರ್ ಇವತ್ತು ಸ್ವಲ್ಪ ಜಾಸ್ತಿ ಹಾಕ್ಬಿಟ್ಟವ್ರೆ" ಎಂದು ಮುನಿಶಾಮಪ್ಪನವರು ಪ್ರೀತಿಯಿಂದಲೇ ಹೇಳಿದರು. ಪ್ರೀತಿಗಿಷ್ಟು ಬೆಂಕಿ ಬೀಳ! ಮಿಲಿಟರಿ ಕ್ಯಾಂಟೀನಿನ ರಮ್ ಒಂದು ಬಾಟಲಿ ತಂದುಕೊಡಿ ಎಂದು ಹಿಂದೆ ಕೇಳಿದ್ದಾಗ ಇವರು ಆಗುವುದಿಲ್ಲ ಎಂದಿದ್ದರು. ಹಾಗಾದರೆ ಎಲ್ಲವನ್ನೂ ತಾವೇ ಕುಡಿಯುತ್ತಾರೆ ಎಂಬುದು ಆ ಮಹಾನುಭಾವರ ಲೆಕ್ಕ. ನಾವು ಅಲ್ಲಿಂದ ತರುತ್ತಿದ್ದದ್ದು ಸೋಪು, ಟೀಪುಡಿ. ಮಾತು ಬೀದಿ ತುಂಬ ಹರಡಿತು. ಧರಣಿ ನಿಂತೇ ಹೋಯಿತು. ನಿಜ ಹೇಳಿಬಿಡಿ ಎಂದು ಕಾಲು ಹಿಡಿದೆ. ಇವರು ಒಪ್ಪಲೇ ಇಲ್ಲ.

ಬಸ್ಸಿನಲ್ಲಿ ಆ ಹೆಂಗಸರೂ ಇದ್ದರು. ಶಿವಾಜಿನಗರದ ಶಾಲೆಯೊಂದರಲ್ಲಿ ಮುನಿಶಾಮಪ್ಪನವರ ಮಗಳು ಸರೋಜಾ ಮುಖ್ಯೋಪಾಧ್ಯಾಯಿನಿ. ಬಾವುಟ ಹಾರಿಸಲು ಇವರನ್ನೂ ಹಾಡಲು ಸಂಘದವರನ್ನೂ ಆಕೆ ಜೂನ್ ತಿಂಗಳಲ್ಲೇ ಕರೆದಿದ್ದಳು. ಸಂಘದ ಹಿರಿಯಳು ಹನುಮವ್ವ, ನಮ್ಮ ರಾಯಚೂರಿನ ಕಡೆಯವಳೇ, ಕಟ್ಟಡದ ಕೆಲಸ ಮಾಡುತ್ತಾಳೆ. ಗಂಡನ ದುಡಿಮೆಯೆಲ್ಲ ಆ ಅಂಗಡಿಗೇ ಹೋಗುತ್ತದೆ. ನಾನು ಪಕ್ಕಕ್ಕೆ ಸರಿದು ಜಾಗ ಮಾಡಿದೆ. ಅವಳು ಕೂರಲಿಲ್ಲ.

"ಅಂಗಡಿ ಮುಚ್ಚಸಾವ್ರೇ ಹಿಂಗಾದ್ರ ನಾವು ಯಾರ ಹಿಂದ ಹೋಗೂನಕ್ಕಾ?" ಎಂದಷ್ಟೇ ಕೇಳಿದಳು. ಮುಂದಿನ ಸೀಟಿನಿಂದ ಮುನಿಶಾಮಪ್ಪನವರು ಆಗಾಗ ತಿರುಗಿ, ಇವರ ಕಡೆ ಮೂಗು ಅರಳಿಸಿ ವಾಸನೆ ಹಿಡಿಯುತ್ತಿದ್ದರು.

ಆಗ ಹೊಸದಾಗಿದ್ದ ತೂಗುಸೇತುವೆ ದಾಟಿ, ಟಿನ್ ಫ್ಯಾಕ್ಟರಿ, ಬೈಯಪ್ಪನಹಳ್ಳಿ, ಇಂದಿರಾನಗರದ ತಿರುವು ಹಿಂದೆ ಬಿದ್ದವು. ಅಂಗವಿಕಲರ ಸೀಟು ಖಾಲಿ ಇದ್ದರೂ ಇವರು ಎಂದಿನಂತೆ ಕಂಬಿ ಹಿಡಿದು ನಿಂತಿದ್ದರು. ಹಲಸೂರು ಕೆರೆಯ ಹತ್ತಿರ ಸೈನ್ಯದ ಮೈದಾನ ಕಂಡಾಗ ಮಾತ್ರ ಬೆನ್ನು ನೆಟ್ಟಗಾಯಿತು. ತರಬೇತಿ ಪಡೆದದ್ದು ಅಲ್ಲೇ.

"ಶಾಲ್ಯಾಗ ಚಪ್ಪಲಿ ಬಿಟ್ಟು ಬಾವುಟ ಹಾರಿಸ್ತಾರ, ನೆನಪೈತಿಲ್ಲೋ?" ಎಂದು ಪಿಸುಗುಟ್ಟಿದೆ.

"ಸೈನ್ಯದಾಗ ಬೂಟು ಹಾಕ್ಕೊಂಡೇ ಸೆಲ್ಯೂಟ್ ಹೊಡಿಯೋದು. ಹಂಗಂತ ಹೇಳ್ತೀನಿ. ಸುಮ್ನ ಬಾ" ಎಂದರು.

ಶಾಲೆ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿತ್ತು. ಸರೋಜಾ ನಗುತ್ತ ಬಂದು ಕೈಮುಗಿದಳು. "ಸರ್, ಬೇಜಾರ್ ಮಾಡ್ಕೋಬೇಡಿ, ಶೂಸ್ ಇಲ್ಲೇ ಬಿಡ್ಬೇಕು. ಬಾವುಟದ ಕಟ್ಟೆ ಹತ್ರ ಯಾರೂ ಹಾಕಲ್ಲ" ಎಂದಳು. ಬಾಗಿಲಲ್ಲಿ ಚಪ್ಪಲಿ, ಶೂಗಳ ರಾಶಿ. ಮುನಿಶಾಮಪ್ಪನವರು ಮೊದಲೇ ಎರಡು ಕೈ ಚಾಚಿ ಇವರ ಹಿಂದೆ ಸಿದ್ಧವಾಗಿ ನಿಂತರು. ಹನುಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಇವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕಣ್ಣು ಮೈದಾನದ ಕಡೆ ಹೋಯಿತು. ಒದ್ದೆ ನೆಲದ ಮೇಲೆ ಅಷ್ಟೂ ಮಕ್ಕಳು ಬರಿಗಾಲಲ್ಲಿ ಸಾಲಾಗಿ ನಿಂತಿದ್ದವು. ಸೈನ್ಯದ ನೆಪವನ್ನು ಇವರು ಅಲ್ಲಿಗೇ ಬಿಟ್ಟರು. ಒಂದು ಕುರ್ಚಿ ಎಳೆದು ಕೂತರು. ಬಲಗಾಲಿನ ಬೂಟು ಬಿಚ್ಚಿದರು. ಆಮೇಲೆ ಎಡಗಾಲಿನ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ, ಪಟ್ಟಿ ಸಡಿಲಿಸಿ, ಬೂಟಿನ ಸಮೇತ ಕಾಲನ್ನೇ ತೆಗೆದು ಚಪ್ಪಲಿಗಳ ರಾಶಿಯ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿದರು.

"ಈ ಬೂಟು ಬಿಟ್ರ ನಾ ಬೀಳ್ತೀನವ್ವಾ, ಅದಕ್ಕ ಕಾಲೂ ಇಲ್ಲೇ ಬಿಟ್ಟೀನಿ" ಎಂದು ಸರೋಜಾಳಿಗೆ ಹೇಳಿ, "ಮುನಿಶಾಮಪ್ಪಾರ, ಸ್ವಲ್ಪ ಹೆಗಲು ಕೊಡ್ರಿ" ಎಂದರು.

ಮುನಿಶಾಮಪ್ಪನವರ ಮುಖ ನೋಡಬೇಕಿತ್ತು! ಚಾಚಿದ್ದ ಕೈ ಇಳಿಸಿ ಮುಂದೆ ಬಂದರು. ಹೆಗಲು ಕೊಟ್ಟರು. ಇವರು ಒಂದೇ ಬರಿಗಾಲಲ್ಲಿ ಕುಪ್ಪಳಿಸುತ್ತ ಕಟ್ಟೆಯ ತನಕ ಹೋದರು. ಎಡಗೈ ಮುನಿಶಾಮಪ್ಪನವರ ಹೆಗಲ ಮೇಲೆ ಇಟ್ಟುಕೊಂಡೇ ಬಲಗೈಯಲ್ಲಿ ಹಗ್ಗ ಎಳೆದರು. ಬಾವುಟ ಬಿಚ್ಚಿ ಹೂವು ಉದುರಿತು. ಆ ಸೆಲ್ಯೂಟಿನಲ್ಲಿ ಎಳ್ಳಷ್ಟೂ ಅಲುಗಾಟವಿರಲಿಲ್ಲ. ನಾನು ಜನಗಣಮನದ ಮಧ್ಯೆಯೇ ಗಳಗಳ ಅತ್ತುಬಿಟ್ಟೆ.

ಕಾರ್ಯಕ್ರಮ ಮುಗಿದು ಲಾಡು ಹಂಚಿದ ಮೇಲೆ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಎಲ್ಲರೂ ಇಡ್ಲಿ ತಿಂದೆವು. "ಸಾರ್, ನಾನು ಮೂರ್ಖ ಮುಂಡೇದು ಸಾರ್" ಎಂದು ಮುನಿಶಾಮಪ್ಪನವರು ಮೂರು ಸಲ ಹೇಳಿದರು. "ಮೊದ್ಲೇ ಒಂದ್ಮಾತು ಹೇಳಿದ್ರೆ ಗಂಟು ಹೋಗ್ತಿತ್ತಾ?"

"ಬಾಟ್ಲಿ ಬದ್ಲಿ ಕಾಲು ಕೇಳಿದ್ರ ಹೇಳ್ತಿದ್ನೇನೋ" ಎಂದು ಇವರು ನಕ್ಕರು. ತಿಂಗಳಿಂದ ನಾನು ಆ ನಗು ನೋಡಿರಲಿಲ್ಲ. ಹೋದ ಜೀವ ಬಂದಂತಾಯಿತು, ಇನ್ನೊಂದು ಪ್ಲೇಟ್ ಇಡ್ಲಿ ಹೇಳಿದೆ.

ವಾಪಸು ಬರುವಾಗ ಎಲ್ಲರೂ ಹಲಸೂರಿನಲ್ಲಿ ಇಳಿಯೋಣ ಎಂದು ಇವರೇ ಹೇಳಿದರು. ಅಲ್ಲಿಯ ಹಳೆಯ ದೇವಸ್ಥಾನಕ್ಕೆ ನಾನು ಎಷ್ಟೋ ಸಲ ಬಂದಿದ್ದೇನೆ. ಪ್ರತಿ ಸಲವೂ ಇವರು ನನ್ನ ಚಪ್ಪಲಿ ಕಾಯುತ್ತ ಗೋಪುರದ ಹೊರಗೇ ನಿಂತಿರುತ್ತಿದ್ದರು. ಅವತ್ತು ಪಟ್ಟಿ ಸಡಿಲಿಸುತ್ತ ಸುತ್ತಮುತ್ತ ನೋಡಿದರು. ಚಪ್ಪಲಿ ಸ್ಟ್ಯಾಂಡಿನವನು ಕಾಲನ್ನು ನೋಡಿ, "ಇದಕ್ಕೆ ಟೋಕನ್ ಹೆಂಗ್ ಕೊಡ್ಲಿ ಸಾರ್?" ಎಂದು ತಲೆ ಕೆರೆದುಕೊಂಡ.

ಹನುಮವ್ವ ಮುಂದೆ ಬಂದು ಬೂಟಿನ ಸಮೇತ ಅದನ್ನು ಎತ್ತಿಕೊಂಡು ಕಟ್ಟೆಯ ಮೇಲೆ ಕೂತಳು. ತೊಡೆಯ ಮೇಲೆ ಇಟ್ಟುಕೊಂಡು, ಬೂಟಿಗೆ ಮೆತ್ತಿದ್ದ ಕೆಸರನ್ನು ಸೆರಗಿನಿಂದ ಒರೆಸಿದಳು.

"ನೀವು ಹೋಗಿ ಬರ್ರೀ ಅಣ್ಣಾರ, ನಾ ಕಾಯ್ತೀನಿ" ಎಂದಳು. ಇವರಿಗೆ ಒಂದು ಬದಿ ನಾನು, ಇನ್ನೊಂದು ಬದಿ ಮುನಿಶಾಮಪ್ಪನವರು. ಬೆಂಗಳೂರಿಗೆ ಬಂದ ಮೇಲೆ ಮೊದಲ ಸಲ ನಾವು ಗಂಡಹೆಂಡಿರು ಜೊತೆಯಾಗಿ ದೇವರ ಮುಂದೆ ನಿಂತೆವು. ಏನು ಬೇಡಿಕೊಳ್ಳಬೇಕೆಂದೇ ತೋಚಲಿಲ್ಲ, ಸುಮ್ಮನೆ ಕೈಮುಗಿದು ಬಂದೆ.

ಕೃಷ್ಣರಾಜಪುರದ ಬಸ್ಸಿನಲ್ಲಿ ಇವರು ಅಂಗವಿಕಲರ ಸೀಟಿನಲ್ಲಿ ಹೋಗಿ ಕೂತರು. ಯಾರೂ ಏಳಿ ಎನ್ನಲಿಲ್ಲ, ಯಾರೂ ಅಯ್ಯೋ ಎನ್ನಲಿಲ್ಲ. ಇಂದಿರಾನಗರ ದಾಟುವಷ್ಟರಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು. ತೂಗುಸೇತುವೆ ಬಂದಾಗ ಹನುಮವ್ವ ನನ್ನ ಪಕ್ಕಕ್ಕೆ ಬಂದು ಕೂತಳು. ಮಲಗಿದವರನ್ನು ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು: "ಅಕ್ಕಾ, ನಾಳೆ ಅಂಗಡಿ ಮುಂದ ಎಷ್ಟೊತ್ತಿಗೆ ಕುಂದ್ರೂನು?"